ಮೂರು ಪ್ರಣಾಳಿಕೆ, ಒಂದು ಅಡುಗೆಮನೆ

2023ರ ವಿಧಾನಸಭೆ ಚುನಾವಣೆಯ ಭರವಸೆಗಳನ್ನು ಅಡುಗೆಮನೆಯಿಂದ ನೋಡೋಣ. ಅಭ್ಯರ್ಥಿ ಏನೇ ಹೇಳಲಿ, ಕೊನೆಗೆ ಓದಬೇಕಾದ್ದು ಪಕ್ಷದ ಪ್ರಣಾಳಿಕೆಯನ್ನೇ, ಅಲ್ವಾ?

ಬಿಪಿಎಲ್ ಮನೆಗಳಿಗೆ ಬಿಜೆಪಿ ಹೇಳಿದ್ದು: ಯುಗಾದಿ, ಗಣೇಶ ಚೌತಿ, ದೀಪಾವಳಿಗೆ ಒಂದೊಂದು ಸಿಲಿಂಡರ್, ದಿನಾ ಅರ್ಧ ಲೀಟರ್ ನಂದಿನಿ ಹಾಲು. ಜೆಡಿಎಸ್ ವರ್ಷಕ್ಕೆ 5 ಸಿಲಿಂಡರ್ ಎಂದಿತು. ಕಾಂಗ್ರೆಸ್ ಸಿಲಿಂಡರ್ ಬದಲು ಮನೆಯೊಡತಿಗೆ ತಿಂಗಳಿಗೆ 2,000 ರೂಪಾಯಿ, ತಲೆಗೆ 10 ಕೆಜಿ ಅಕ್ಕಿ, 200 ಯೂನಿಟ್‌ವರೆಗೆ ಉಚಿತ ಕರೆಂಟ್ ಹಿಡಿದುಕೊಂಡು ಬಂತು.

ವ್ಯತ್ಯಾಸ ಇಲ್ಲಿದೆ. ಹಾಲು ಬಂದರೆ ಮಕ್ಕಳ ಲೋಟಕ್ಕೇ ಹೋಗುತ್ತದೆ. ದುಡ್ಡು ಬಂದರೆ ಸ್ಕೂಲ್ ಫೀಸಿಗೋ ಮಾತ್ರೆಗೋ, ಆಕೆಯೇ ಲೆಕ್ಕ ಹಾಕಬಹುದು. ನನಗೆ ಎರಡನೆಯದೇ ಜಾಸ್ತಿ ಹಿಡಿಸಿತು. ಆದರೆ ಕಾಂಗ್ರೆಸ್ಸಿನ ಮಹಿಳೆಯರ ಉಚಿತ ಬಸ್ ಪ್ರಯಾಣ? ಬಸ್ಸೇ ಬಾರದ ಊರಿಗೆ ಅದು ಸುಮ್ನೆ ಕಾಗದ.