ಮಸ್ಕತ್‌ನಲ್ಲಿ ದುಡಿಮೆ, ಉಡುಪಿಯಲ್ಲಿ ಖಾತೆ: ಎನ್‌ಆರ್‌ಇ, ಎನ್‌ಆರ್‌ಒ ವರ್ಷಗಟ್ಟಲೆ ಬಳಸಿದ ಮೇಲೆ

ಗಲ್ಫ್‌ಗೆ ಹೊಸದಾಗಿ ಹೊರಟವರು ನನ್ನ ಹತ್ತಿರ ಮೊದಲು ಕೇಳುವುದು ಯಾವ ಬ್ಯಾಂಕಿನಲ್ಲಿ ಎನ್‌ಆರ್‌ಇ ಖಾತೆ, ಅಂದರೆ ಅನಿವಾಸಿ ಭಾರತೀಯರು (ಎನ್‌ಆರ್‌ಐ) ಹೊರಗೆ ದುಡಿದ ಹಣ ಇಡುವ ಖಾತೆ, ತೆರೆಯಬೇಕು ಅಂತ. ಬಡ್ಡಿ ಎಲ್ಲಿ ಜಾಸ್ತಿ, ಆ್ಯಪ್ ಯಾರದ್ದು ಚೆನ್ನಾಗಿದೆ, ಇಷ್ಟೇ ವಿಚಾರಿಸುತ್ತಾರೆ. ನಾನು ಮಸ್ಕತ್‌ನಲ್ಲಿ ನರ್ಸ್. ಮನೆ ಉಡುಪಿ ಸಂತೆಕಟ್ಟೆ ಕಡೆ. ಒಮಾನ್‌ಗೆ ಬಂದಾಗಿನಿಂದ ಒಂದೇ ಬ್ಯಾಂಕಿನ ಒಂದೇ ಶಾಖೆಯಲ್ಲಿ ಎನ್‌ಆರ್‌ಇ, ಊರಿನ ಆದಾಯಕ್ಕೆ ಇರುವ ಎನ್‌ಆರ್‌ಒ ಎರಡನ್ನೂ ಇಟ್ಟುಕೊಂಡಿದ್ದೇನೆ. ಚೆನ್ನಾಗಿ ನಡೆದದ್ದೂ ಇದೆ, ಸರಿಯಾಗಿ ಕೈಕೊಟ್ಟದ್ದೂ ಇದೆ. ನನ್ನನ್ನು ಕೇಳಿದರೆ, ಮನೆಯವರು ಆಟೋ ಹಿಡಿದು ಹತ್ತು ನಿಮಿಷದಲ್ಲಿ ತಲುಪುವ ಶಾಖೆ ಯಾವ ಬ್ಯಾಂಕಿನದ್ದೋ ಅದೇ ಒಳ್ಳೆಯ ಬ್ಯಾಂಕ್. ಬಡ್ಡಿ, ಆ್ಯಪ್ ಎಲ್ಲ ಆಮೇಲೆ. ಬ್ಯಾಂಕಿನ ಹೆಸರು ಹಾಕುವುದಿಲ್ಲ. ಬೇರೆ ಬೇರೆ ಬ್ಯಾಂಕಿನಲ್ಲಿ ಖಾತೆ ಇರುವ ಗೆಳತಿಯರೂ ಹೆಚ್ಚು ಕಡಿಮೆ ಇದೇ ಹೇಳುತ್ತಾರೆ.

ಮೊದಲು ಒಂದು ವಿಷಯ, ಇನ್ನೂ ತುಂಬ ಜನರಿಗೆ ಗೊತ್ತಿಲ್ಲ. ಕೆಲಸಕ್ಕೆ ಅಂತ ಹೊರದೇಶಕ್ಕೆ ಹೋದ ಮೇಲೆ ಊರಿನ ಹಳೆ ಉಳಿತಾಯ ಖಾತೆಯನ್ನು ಹಾಗೇ ಇಟ್ಟುಕೊಳ್ಳುವಂತಿಲ್ಲ. ಬ್ಯಾಂಕಿಗೆ ತಿಳಿಸಿ ಅದನ್ನು ಎನ್‌ಆರ್‌ಒ ಮಾಡಿಸಬೇಕು, ವಿದೇಶಿ ವಿನಿಮಯದ ಫೆಮಾ ಕಾನೂನು ಇರುವುದೇ ಹಾಗೆ. ಹೊರಗೆ ದುಡಿದ ಹಣಕ್ಕೆ ಎನ್‌ಆರ್‌ಇ ಬೇರೆ ತೆರೆಯಬೇಕು. ಎನ್‌ಆರ್‌ಇಗೆ ನೇರವಾಗಿ ಹೊರಗಿನಿಂದ ಬಂದ ಹಣ ಮಾತ್ರ ಹೋಗುತ್ತದೆ, ಅದರ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ, ಅಸಲು ಬಡ್ಡಿ ಎರಡನ್ನೂ ಯಾವಾಗ ಬೇಕಾದರೂ ವಾಪಸ್ ಹೊರಗೆ ತೆಗೆದುಕೊಂಡು ಹೋಗಬಹುದು. ಬಾಡಿಗೆ, ತೋಟದ ಆದಾಯ, ಪಿಂಚಣಿ, ಊರಿನಲ್ಲೇ ಹುಟ್ಟುವ ಹಣ ಎಲ್ಲ ಎನ್‌ಆರ್‌ಒಗೆ. ಅಮ್ಮ ಒಂದು ಸಲ ಹಳೆ ಬಳೆ ಮಾರಿದ ಹಣ ಹಿಡಿದುಕೊಂಡು ನನ್ನ ಎನ್‌ಆರ್‌ಇಗೆ ಕಟ್ಟಲು ಹೋಗಿದ್ದರು. ಕೌಂಟರ್‌ನಲ್ಲಿದ್ದ ಹುಡುಗಿ ಚಲನ್ ನೋಡಿದ ಕೂಡಲೇ, "ಅಮ್ಮ, ಇದಕ್ಕೆ ಇಲ್ಲಿಯ ನಗದು ಹಾಕಲಿಕ್ಕೆ ಆಗುವುದಿಲ್ಲ, ಇನ್ನೊಂದು ನಂಬರ್ ಉಂಟಲ್ಲ, ಅದಕ್ಕೆ ಹಾಕುವ" ಅಂತ ತುಳುವಿನಲ್ಲಿ ಹೇಳಿ ತಾನೇ ಬೇರೆ ಚಲನ್ ಬರೆದುಕೊಟ್ಟಳಂತೆ. ಶಾಖೆ ಹತ್ತಿರ ಇರಲಿ ಅಂತ ನಾನು ಹೇಳುವುದು ಇದಕ್ಕೇ.

ಹಣ ಕಳಿಸುವ ವಿಷಯಕ್ಕೆ ಬರುತ್ತೇನೆ. ಸಂಬಳ ಆದ ವಾರ ಮಸ್ಕತ್‌ನ ರುವಿಯಲ್ಲಿ ಊರಿಗೆ ಹಣ ಕಳಿಸುವ ಎಕ್ಸ್‌ಚೇಂಜ್‌ಗಳ ಮುಂದೆ ಎಷ್ಟು ಉದ್ದ ಸಾಲು ಇರುತ್ತದೆ ಅಂತ ಇಲ್ಲಿರುವವರಿಗೆ ಗೊತ್ತು. ಈಗ ಎಲ್ಲ ಫೋನ್‌ನಲ್ಲೇ ಆಗುತ್ತದೆ. ಎಲ್ಲರೂ ಶುಲ್ಕ ನೋಡುತ್ತಾರೆ, ನೋಡಬೇಕಾದದ್ದು ದರ. ಶುಲ್ಕ ಎಷ್ಟು ಕಳಿಸಿದರೂ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ. ದರದಲ್ಲಿ ರಿಯಾಲ್‌ಗೆ ಅರ್ಧ ರೂಪಾಯಿ ವ್ಯತ್ಯಾಸ ಇದ್ದರೆ 500 ರಿಯಾಲ್ ಕಳಿಸುವಾಗ 250 ರೂಪಾಯಿ ಹೋಯಿತು. ಹಾಗಾಗಿ ಚಿಲ್ಲರೆ ಚಿಲ್ಲರೆ ಆಗಿ ಕಳಿಸುವುದಕ್ಕಿಂತ ತಿಂಗಳಿಗೆ ಒಂದೇ ಸಲ ಕಳಿಸುವುದು ವಾಸಿ. ಒಮಾನಿ ರಿಯಾಲ್ ಡಾಲರ್‌ಗೆ ಕಟ್ಟಿದ ನಾಣ್ಯ, ಒಂದು ರಿಯಾಲ್‌ಗೆ ಸುಮಾರು 2.60 ಡಾಲರ್. ಅಂದರೆ ಡಾಲರ್ ಎದುರು ರೂಪಾಯಿ ಹೇಗೆ ಹೋಗುತ್ತದೋ ನಮ್ಮ ದರವೂ ಹಾಗೇ. ನಾಳೆ ಇನ್ನೂ ಏರಬಹುದು ಅಂತ ಕಾಯುತ್ತಾ ಕೂರುವವರನ್ನು ನೋಡಿದ್ದೇನೆ. ಮನೆ ಸಾಲದ ಕಂತು ಇರುವವರು ಹಾಗೆ ಕಾಯಬೇಡಿ, ಸುಮ್ನೆ ಟೆನ್ಶನ್.

ನಮ್ಮ ಜಿಲ್ಲೆಯವರು ಇನ್ನೊಂದನ್ನು ನೋಡಿಕೊಳ್ಳಬೇಕು. ಕರಾವಳಿಯಲ್ಲಿ ಹುಟ್ಟಿದ ಬ್ಯಾಂಕ್‌ಗಳಲ್ಲಿ ಮೂರು ಈಗ ಹಳೆ ಹೆಸರಿನಲ್ಲಿ ಇಲ್ಲ. ವಿಜಯಾ ಬ್ಯಾಂಕ್ 2019ರ ಏಪ್ರಿಲ್‌ನಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿತು. ಮರುವರ್ಷ ಏಪ್ರಿಲ್‌ನಲ್ಲಿ ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ ಸೇರಿದವು. ಹಣ ಕಳಿಸುವಾಗ ಶಾಖೆ ಗುರುತಿಸುವ ಐಎಫ್‌ಎಸ್‌ಸಿ ಕೋಡ್‌ಗಳು ಬದಲಾದವು. ಸಿಂಡಿಕೇಟ್‌ನ ಹಳೆ ಕೋಡ್‌ಗಳು 2021ರ ಜುಲೈನಿಂದ ನಡೆಯುವುದಿಲ್ಲ. ಅಪ್ಪ ಅಮ್ಮನ ಖಾತೆ ಇಂಥ ಶಾಖೆಯಲ್ಲಿದ್ದರೆ, ಎಕ್ಸ್‌ಚೇಂಜ್‌ನಲ್ಲಿ ಹಿಂದೆ ಯಾವಾಗಲೋ ಸೇವ್ ಮಾಡಿಟ್ಟ ವಿವರ ಒಮ್ಮೆ ತೆಗೆದು ನೋಡಿ. ಹಳೆ ಪಾಸ್‌ಬುಕ್ ನೋಡಿ ಬರೆಯಬೇಡಿ, ಹೊಸ ಚೆಕ್ ಪುಸ್ತಕದ ಹಾಳೆ ನೋಡಿ.

ಈಗ ಕೈಕೊಟ್ಟ ಕಥೆ. ಕೆವೈಸಿ, ಅಂದರೆ ಗುರುತು ಮತ್ತು ವಿಳಾಸದ ದಾಖಲೆ, ಹೊಸದಾಗಿ ಕೊಡಬೇಕು ಅಂತ ಬ್ಯಾಂಕ್ ನನ್ನ ಖಾತೆಯಿಂದ ಹಣ ತೆಗೆಯುವುದನ್ನು ನಿಲ್ಲಿಸಿತು. ಇಮೇಲ್ ಬರಲಿಲ್ಲ, ಒಂದು ಕರೆ ಬರಲಿಲ್ಲ. ನನಗೆ ಗೊತ್ತಾದದ್ದು ಅಮ್ಮನ ಔಷಧಿ ಅಂಗಡಿಗೆ ಕಳಿಸಿದ ಹಣ ಹೋಗದಿದ್ದಾಗ. ಹಣ ಒಳಗೆ ಬರುತ್ತದೆ, ಹೊರಗೆ ಹೋಗುವುದಿಲ್ಲ! ಆ ತಿಂಗಳ ಸಂಬಳವನ್ನೂ ಅದಾಗಲೇ ಕಳಿಸಿ ಆಗಿತ್ತು. ಕಸ್ಟಮರ್ ಕೇರ್‌ನವರು ಆ್ಯಪ್‌ನಲ್ಲಿ ಮಾಡಿ ಅಂದರು. ಎನ್‌ಆರ್‌ಐ ಖಾತೆಗೆ ಆ ಆಯ್ಕೆಯೇ ಇರಲಿಲ್ಲ. ವಿಡಿಯೋ ಕೆವೈಸಿ ಆಗುತ್ತದಾ ಅಂತ ಕೇಳಿದೆ, ಭಾರತದ ಹೊರಗಿದ್ದರೆ ಆಗುವುದಿಲ್ಲ ಅಂದರು. ಕೊನೆಗೆ ಉಳಿದದ್ದು ಪೇಪರ್ ದಾರಿ. ಪಾಸ್‌ಪೋರ್ಟ್, ರೆಸಿಡೆಂಟ್ ಕಾರ್ಡ್‌ನ ಎರಡೂ ಬದಿ, ವಿಳಾಸದ ದಾಖಲೆ, ಎಲ್ಲದರ ಪ್ರತಿಗೆ ರಾಯಭಾರ ಕಚೇರಿಯ ದೃಢೀಕರಣ ಹಾಕಿಸಿ ಕೊರಿಯರ್ ಮಾಡಬೇಕು.

ಮಾಡಿದೆ. ತಮ್ಮ ಆ ಕವರ್ ಹಿಡಿದುಕೊಂಡು ಶಾಖೆಗೆ ಹೋದ. ಅಧಿಕಾರಿ ನನ್ನ ಹೊಸ ಫಾರ್ಮನ್ನೂ ಖಾತೆ ತೆರೆದಾಗಿನ ಹಳೆ ಕಾರ್ಡನ್ನೂ ಅಕ್ಕಪಕ್ಕ ಇಟ್ಟು ಸಹಿ ನೋಡಿದರಂತೆ. ಹಳೆಯದರಲ್ಲಿ ಇನಿಶಿಯಲ್ ಮುಂದೆ ಇದೆ, ಹೊಸದರಲ್ಲಿ ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೆ ಹಿಂದೆ ಇದೆ. ಸಹಿ ಹೊಂದುವುದಿಲ್ಲ, ಮತ್ತೆ ಕಳಿಸಿ ಅಂದರು. ಪಾಸ್‌ಪೋರ್ಟ್‌ನ ಪ್ರತಿ ಅದೇ ಕವರ್‌ನಲ್ಲಿದೆ, ಅದರಲ್ಲಿ ಅದೇ ಸಹಿ ಇದೆ, ದೃಢೀಕರಣದ ಮುದ್ರೆಯೂ ಇದೆ. ಆದರೂ ಆಗಲಿಲ್ಲ. ಇನ್ನೊಂದು ದೃಢೀಕರಣ, ಇನ್ನೊಂದು ಕೊರಿಯರ್. ಅಷ್ಟು ದಿನ ಅಮ್ಮನ ಖರ್ಚೆಲ್ಲ ತಮ್ಮನೇ ನೋಡಿಕೊಂಡ. ತಮ್ಮ ಇಲ್ಲದ ಮನೆಯವರು ಎಂತ ಮಾಡಬೇಕು? ವರ್ಷಗಟ್ಟಲೆ ಹಣ ಕಳಿಸಿದ ಗ್ರಾಹಕರ ಖಾತೆ ನಿಲ್ಲಿಸುವ ಮೊದಲು ಹೊರದೇಶದ ನಂಬರಿಗೂ ಇಮೇಲ್‌ಗೂ ಒಂದು ತಿಂಗಳು ಮುಂಚೆ ತಿಳಿಸುವುದು ಅಷ್ಟು ಕಷ್ಟವಾ? ಇದನ್ನು ಬರೆದು ದೂರು ಕೊಟ್ಟೆ, ವಿಷಾದಿಸುತ್ತೇವೆ ಅಂತ ಒಂದು ಸಾಲು ಬಂತು, ಅಷ್ಟೇ.

ಶಾರ್ಜಾದಲ್ಲಿರುವ ಗೆಳತಿಯದ್ದು ಇನ್ನೊಂದು ಥರ. ಯುಎಇ 2022ರಿಂದ ಪಾಸ್‌ಪೋರ್ಟ್‌ನಲ್ಲಿ ವೀಸಾ ಅಂಟಿಸುವುದನ್ನೇ ನಿಲ್ಲಿಸಿದೆ, ಎಮಿರೇಟ್ಸ್ ಐಡಿಯೇ ಎಲ್ಲದಕ್ಕೂ ದಾಖಲೆ. ಅವಳ ಬ್ಯಾಂಕಿನ ಫಾರ್ಮ್‌ನಲ್ಲಿ ಮಾತ್ರ ಇನ್ನೂ ವೀಸಾ ಪುಟದ ಪ್ರತಿ ಅಂತ ಇತ್ತು. ಇಲ್ಲದ ಪುಟವನ್ನು ಅವಳು ಎಲ್ಲಿಂದ ತರಬೇಕು?

ನನ್ನ ಸಮಸ್ಯೆ ಬಿಡಿಸಿದ್ದೂ ಅದೇ ಶಾಖೆ ಅಂತ ಹೇಳಲೇಬೇಕು. ಎರಡನೇ ಸಲ ಕವರ್ ಹೋದಾಗ ಅಲ್ಲಿಗೆ ಹೊಸದಾಗಿ ಬಂದ ಮ್ಯಾನೇಜರ್ ತಮ್ಮನ ಫೋನ್‌ನಿಂದಲೇ ನನ್ನ ಹತ್ತಿರ ಮಾತಾಡಿದರು. "ಮೇಡಂ, ಇವತ್ತು ಸಂಜೆಯೊಳಗೆ ಮಾಡಿಸ್ತೇನೆ" ಅಂದರು, ಮಾಡಿಸಿದರು. ಆ್ಯಪ್‌ನಿಂದ ಆ ಕೆಲಸ ಆಗುತ್ತಿರಲಿಲ್ಲ. ಅವರಿಗೂ ವರ್ಗ ಆಗುತ್ತದೆ ನಿಜ, ನಾಳೆ ಬರುವವರು ಹೇಗೋ ಗೊತ್ತಿಲ್ಲ. ಅದಕ್ಕೇ ಶಾಖೆಗೆ ಕೊಟ್ಟ ಪ್ರತಿ ಕಾಗದದ ಮೇಲೂ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಲು ತಮ್ಮನಿಗೆ ಹೇಳಿದ್ದೇನೆ.

ಫೋನ್ ಮಾಡುವವರಿಗೆ ಒಂದು ಅನುಕೂಲ ಉಂಟು. ಒಮಾನ್ ನಮಗಿಂತ ಒಂದೂವರೆ ಗಂಟೆ ಹಿಂದೆ, ಊರಿನಲ್ಲಿ ಹತ್ತಕ್ಕೆ ಶಾಖೆ ತೆರೆಯುವಾಗ ಇಲ್ಲಿ ಎಂಟೂವರೆ. ಇಲ್ಲಿ ಶುಕ್ರವಾರ, ಶನಿವಾರ ರಜೆ. ಊರಿನಲ್ಲಿ ಶುಕ್ರವಾರ ಬ್ಯಾಂಕ್ ಇರುತ್ತದೆ, ಎರಡನೇ ಮತ್ತು ನಾಲ್ಕನೇ ಶನಿವಾರ ಬಿಟ್ಟು ಉಳಿದ ಶನಿವಾರವೂ ಇರುತ್ತದೆ. ಹಾಗಾಗಿ ಶುಕ್ರವಾರ ಬೆಳಿಗ್ಗೆ, ನೈಟ್ ಡ್ಯೂಟಿ ಮುಗಿಸಿ ಬಂದು ಮಲಗುವ ಮೊದಲು, ನಾನು ಬ್ಯಾಂಕ್ ಕೆಲಸ ಮುಗಿಸುತ್ತೇನೆ.

ಅದಾದ ಮೇಲೆ ರಜೆಗೆ ಹೋದಾಗ ಮೊದಲು ಮಾಡಿಸಿದ್ದು ತಮ್ಮನಿಗೆ ಮ್ಯಾಂಡೇಟ್. ಇದು ಖಾತೆ ನೋಡಿಕೊಳ್ಳಲು ಕೊಡುವ ಅಧಿಕಾರ ಪತ್ರ, ಊರಿನಲ್ಲಿರುವವರು ನಮ್ಮ ಪರವಾಗಿ ಅಲ್ಲಿಯೇ ಪಾವತಿ ಮಾಡಬಹುದು. ಅವರು ಆ ಹಣವನ್ನು ಉಡುಗೊರೆ ಕೊಡುವಂತಿಲ್ಲ, ಹೊರದೇಶಕ್ಕೆ ಬೇರೆಯವರಿಗೆ ಕಳಿಸುವಂತಿಲ್ಲ, ಹಾಗಾಗಿ ಕೊಡಲು ಹೆದರಬೇಕಾಗಿಲ್ಲ. ಹತ್ತಿರದ ಸಂಬಂಧಿಕರನ್ನು ಜಂಟಿಯಾಗಿಯೂ ಸೇರಿಸಬಹುದು, ಆದರೆ ನಾವಿರುವ ತನಕ ಖಾತೆ ನಮ್ಮದೇ, ನಮ್ಮ ನಂತರ ಅವರದ್ದು ಎನ್ನುವ ಷರತ್ತಿನ ಮೇಲೆ. ನಾಮಿನಿಯನ್ನೂ ಆಗಲೇ ನೋಡಿಕೊಂಡೆ. 2025ರ ನವೆಂಬರ್ 1ರಿಂದ ಒಂದು ಖಾತೆಗೆ ನಾಲ್ಕು ಜನರವರೆಗೆ ನಾಮಿನಿ ಹಾಕಬಹುದು. ಮದುವೆಗೆ ಮೊದಲು ಖಾತೆ ತೆರೆದವರು ಅದರಲ್ಲಿ ಯಾರ ಹೆಸರು ಉಂಟು ಅಂತ ದಯವಿಟ್ಟು ನೋಡಿ. ತೀರಿಕೊಂಡ ಅಪ್ಪನ ಹೆಸರೇ ಉಳಿದಿರುವ ಖಾತೆಗಳು ಬೇಕಾದಷ್ಟಿವೆ. ಹೊರದೇಶದಲ್ಲಿ ದುಡಿಯುವಾಗ ಏನಾದರೂ ಆದರೆ ಮನೆಯವರು ಆ ಹಣಕ್ಕಾಗಿ ಅಲೆಯುವುದನ್ನು ನಾನು ಹತ್ತಿರದಿಂದ ನೋಡಿದ್ದೇನೆ, ಆ ಸಂಕಟ ಯಾರಿಗೂ ಬೇಡ.

ಯುಪಿಐ ನಿಜವಾಗಿಯೂ ಖುಷಿ ಕೊಟ್ಟಿದೆ. 2023ರ ಜನವರಿಯಲ್ಲಿ ಯುಪಿಐ ನಡೆಸುವ ಸಂಸ್ಥೆ ಎನ್‌ಪಿಸಿಐ ಹತ್ತು ದೇಶಗಳ ಮೊಬೈಲ್ ನಂಬರಿಗೆ ಎನ್‌ಆರ್‌ಇ, ಎನ್‌ಆರ್‌ಒ ಖಾತೆಯ ಯುಪಿಐ ಬಿಟ್ಟಿತು. ಒಮಾನ್, ಯುಎಇ, ಸೌದಿ, ಕತಾರ್ ಆ ಪಟ್ಟಿಯಲ್ಲಿದ್ದವು. ಕುವೈತ್, ಬಹ್ರೇನ್ ಇರಲಿಲ್ಲ, ನಮ್ಮವರು ಅಲ್ಲೂ ಎಷ್ಟೊಂದು ಜನ ಇದ್ದಾರೆ, ಅವರಿಗೆ ಬೇಸರವೇ. ನನ್ನ ಬ್ಯಾಂಕ್ ಅದನ್ನು ಚಾಲೂ ಮಾಡಲು ತಡ ಮಾಡಿತು, ಮಾಡಿದ ಮೇಲೆ ತೊಂದರೆ ಇಲ್ಲ. ಈಗ ಮೆಸ್ಕಾಂ ಬಿಲ್, ಅಮ್ಮನ ಔಷಧಿ, ಮೀನಿನವರಿಗೆ ತಿಂಗಳ ಲೆಕ್ಕ, ಎಲ್ಲ ಮಸ್ಕತ್‌ನಿಂದಲೇ. ಔಷಧಿ ಅಂಗಡಿಯವರು ಕ್ಯೂಆರ್ ಫೋಟೋ ವಾಟ್ಸಾಪ್ ಮಾಡುತ್ತಾರೆ, ನಾನು ಹಾಕಿದ ಕೂಡಲೇ ಅಂಗಡಿಯ ಆ ಸಣ್ಣ ಪೆಟ್ಟಿಗೆ ಹಣ ಬಂತು ಅಂತ ಕೂಗುವುದು ಅಮ್ಮನ ಫೋನ್‌ನಲ್ಲಿ ನನಗೂ ಕೇಳುತ್ತದೆ. ಊರಿನ ಸಿಮ್ ಮಾತ್ರ ಬಿಡಬೇಡಿ. ಆಧಾರ್‌ನ ಒಟಿಪಿ ಅದಕ್ಕೇ ಬರುತ್ತದೆ, ರೋಮಿಂಗ್‌ನಲ್ಲಿ ಎಸ್‌ಎಂಎಸ್ ಬರುವುದಕ್ಕೆ ದುಡ್ಡಿಲ್ಲ.

ಠೇವಣಿ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎನ್‌ಆರ್‌ಇ ಎಫ್‌ಡಿಯನ್ನು ಒಂದು ವರ್ಷದ ಒಳಗೆ ಮುರಿದರೆ ಬಡ್ಡಿಯೇ ಇಲ್ಲ, ಅದು ನೆನಪಿರಲಿ. ಹಣ ರೂಪಾಯಿಯಲ್ಲಿ ಇರುತ್ತದೆ, ಹಾಗಾಗಿ ರೂಪಾಯಿ ಇಳಿದರೆ ಡಾಲರ್ ಲೆಕ್ಕದಲ್ಲಿ ಅದರ ಬೆಲೆಯೂ ಇಳಿಯುತ್ತದೆ. 2014ರ ಮಧ್ಯದಲ್ಲಿ ಡಾಲರ್ 60 ರೂಪಾಯಿ ಆಸುಪಾಸು, 2024ರ ಕೊನೆಗೆ 85ರ ಆಸುಪಾಸು. ಊರಿನಲ್ಲೇ ಮನೆ ಕಟ್ಟುವವರಿಗೆ ಇದರಿಂದ ಚಿಂತೆ ಇಲ್ಲ. ಮಕ್ಕಳನ್ನು ಹೊರದೇಶದಲ್ಲಿ ಓದಿಸುವ ಯೋಚನೆ ಇದ್ದವರು ಎಫ್‌ಸಿಎನ್‌ಆರ್ ಠೇವಣಿ ಕೇಳಿ, ಅದು ಡಾಲರ್‌ನಲ್ಲೇ ಇರುತ್ತದೆ, ಒಂದರಿಂದ ಐದು ವರ್ಷದವರೆಗೆ. 5 ಲಕ್ಷದವರೆಗಿನ ಠೇವಣಿ ವಿಮೆ ಎನ್‌ಆರ್‌ಐಗಳಿಗೂ ಇದೆ, ಆದರೆ ಅದು ಒಂದು ಬ್ಯಾಂಕಿನ ಎಲ್ಲ ಖಾತೆ ಸೇರಿಸಿ. ಅದಕ್ಕೇ ದೊಡ್ಡ ಮೊತ್ತವನ್ನು ಒಂದೇ ಕಡೆ ಇಡುವುದಿಲ್ಲ ನಾನು.

ಎನ್‌ಆರ್‌ಒ ತಲೆಬಿಸಿ ಬೇರೆ. ಮಣಿಪಾಲದಲ್ಲಿ ಒಂದು ಸಣ್ಣ ಫ್ಲ್ಯಾಟ್ ಬಾಡಿಗೆಗೆ ಕೊಟ್ಟಿದ್ದೇನೆ. ಎನ್‌ಆರ್‌ಒ ಬಡ್ಡಿಯಲ್ಲಿ ಬ್ಯಾಂಕ್ ಮೊದಲೇ ಶೇ 30, ಮೇಲೆ ಸೆಸ್ ಸೇರಿ ಶೇ 31.2 ತೆರಿಗೆಯನ್ನು ಟಿಡಿಎಸ್ ಅಂತ ಹಿಡಿಯುತ್ತದೆ. ಎನ್‌ಆರ್‌ಐ ಮಾಲೀಕರಿಗೆ ಬಾಡಿಗೆ ಕೊಡುವವರೂ, ಬಾಡಿಗೆ ಎಷ್ಟೇ ಕಡಿಮೆ ಇರಲಿ, ಹೀಗೆ ಹಿಡಿದು ಕಟ್ಟಬೇಕು. ಬಾಡಿಗೆದಾರರಿಗೆ ಇದು ಗೊತ್ತಿರುವುದಿಲ್ಲ, ಕರಾರು ಬರೆಯುವಾಗಲೇ ಹೇಳಿಬಿಡಿ. ನನ್ನ ಒಟ್ಟು ಆದಾಯಕ್ಕೆ ಅಷ್ಟು ತೆರಿಗೆ ಬರುವುದಿಲ್ಲ, ರಿಟರ್ನ್ ಹಾಕಿದರೆ ಮರಳಿ ಬರುತ್ತದೆ, ಬಂದಿದೆ ಕೂಡ. ಉಡುಪಿಯ ಒಬ್ಬರು ಸಿಎ ಹತ್ತಿರ ಪ್ರತಿ ವರ್ಷ ಮಾಡಿಸುತ್ತೇನೆ. ಪ್ಯಾನ್‌ನಲ್ಲಿ ಎನ್‌ಆರ್‌ಐ ಅಂತ ದಾಖಲಾಗಿದೆಯಾ ಅಂತಲೂ ಅವರನ್ನೇ ಕೇಳಿ. ಎನ್‌ಆರ್‌ಒದಿಂದ ಎನ್‌ಆರ್‌ಇಗೆ ಹಣ ಹಾಕಲು ವರ್ಷಕ್ಕೆ 10 ಲಕ್ಷ ಡಾಲರ್ ಮಿತಿ ಇದೆ, ನಮ್ಮಂಥವರಿಗೆ ಆ ಮಿತಿ ಅಡ್ಡ ಬರುವುದಿಲ್ಲ, ಸಿಎ ಕೊಡುವ ಪ್ರಮಾಣ ಪತ್ರದ ಓಡಾಟವೇ ಜಾಸ್ತಿ. ಅದಕ್ಕೆ ನಾನು ಬಾಡಿಗೆ ಹಣವನ್ನು ಎನ್‌ಆರ್‌ಒದಲ್ಲೇ ಬಿಟ್ಟು ಮನೆ ತೆರಿಗೆ, ಫ್ಲ್ಯಾಟ್ ನಿರ್ವಹಣೆ, ಅಮ್ಮನ ಆಸ್ಪತ್ರೆ ಖರ್ಚಿಗೆ ಅಲ್ಲಿಂದಲೇ ಕೊಡುತ್ತೇನೆ.

ಮರಳಿ ಊರಿಗೆ ಬರುವವರು ಬಂದ ಮೇಲೆ ಎನ್‌ಆರ್‌ಇಯನ್ನು ಹಾಗೇ ನಡೆಸುವಂತಿಲ್ಲ. ಸಾಮಾನ್ಯ ಖಾತೆ ಮಾಡಿಸಬೇಕು, ಇಲ್ಲವೇ ಆ ಹಣವನ್ನು ಆರ್‌ಎಫ್‌ಸಿ ಖಾತೆಗೆ ಹಾಕಿ ವಿದೇಶಿ ನಾಣ್ಯದಲ್ಲೇ ಇಟ್ಟುಕೊಳ್ಳಬಹುದು. ಆರ್‌ಎಫ್‌ಸಿ ಅಂದರೆ ಎಷ್ಟೋ ಸಣ್ಣ ಶಾಖೆಗಳಲ್ಲಿ ಕಣ್ಣು ಕಣ್ಣು ಬಿಡುತ್ತಾರೆ, ದೊಡ್ಡ ಶಾಖೆಯಲ್ಲಿ ಕೇಳಬೇಕಾಗುತ್ತದೆ. ನನ್ನ ಶಾಖೆಯಲ್ಲಿ ಈಗಲೇ ವಿಚಾರಿಸಿದೆ, ಆಗುತ್ತದೆ ಅಂದಿದ್ದಾರೆ. ಬಾಯಿಮಾತು ಬೇಡ, ಯಾವ ಯಾವ ಕಾಗದ ಬೇಕು ಅಂತ ಇಮೇಲ್‌ನಲ್ಲಿ ಬರೆದುಕೊಡಿ ಅಂತ ಕೇಳಿದ್ದೇನೆ.