ಡೌಟ್ ಎಲ್ಲಿ ಕೇಳಬೇಕು: ಟೆಲಿಗ್ರಾಂ, ಕ್ಲಾಸ್ ಗ್ರೂಪ್, ಇಲ್ಲಾ ಕಾರವಾರದ ಗೆಳತಿ?

ಸೆಕೆಂಡ್ ಪಿಯುಸಿ ಮ್ಯಾತ್ಸ್ ಡೌಟಿಗೆ ನಾನು ಈ ಮೂರನ್ನೂ ನೋಡಿದ್ದೇನೆ. ನಮ್ಮದು ಶಿರಸಿ ಹತ್ತಿರದ ಹಳ್ಳಿ, ಮನೆ ಮೇಲಿನ ಸೊಪ್ಪಿನ ಬೆಟ್ಟ ಹತ್ತಿದರೆ ಮಾತ್ರ ಎರಡು ಕಡ್ಡಿ ನೆಟ್‌ವರ್ಕ್, ಅದಕ್ಕೇ ಎಲ್ಲಿ ಕೇಳಿದರೆ ಕೆಲಸ ಆಗುತ್ತದೆ ಅನ್ನೋದು ನನಗೆ ಮುಖ್ಯ.

ಟೆಲಿಗ್ರಾಂ ಗ್ರೂಪಿನಲ್ಲಿ 2 ಲಕ್ಷ ಜನರವರೆಗೂ ಇರಬಹುದು. ರಾತ್ರಿ 11ಕ್ಕೂ ಯಾರಾದರೂ ಎದ್ದಿರುತ್ತಾರೆ. ನಾನಿದ್ದ ಗ್ರೂಪಿನಲ್ಲಿ ಹರಟೆಗೆ ಜಾಗವಿಲ್ಲ, ಬರೀ 'ಹಾಯ್' ಅಂದರೂ ಅಡ್ಮಿನ್ ಅಳಿಸುತ್ತಾರೆ. ಲಾಗ್ ಎಕ್ಸ್ ಇಂಟಿಗ್ರೇಷನ್ ಹೇಗೆ ಅಂತ ಕೇಳಿದೆ. ಎರಡೇ ನಿಮಿಷಕ್ಕೆ ಬಂತು: ಎಕ್ಸ್ ಲಾಗ್ ಎಕ್ಸ್ ಮೈನಸ್ ಎಕ್ಸ್ ಪ್ಲಸ್ ಸಿ. ಉತ್ತರ ಸರಿ. ಆದರೆ ಗುರುತೇ ಇಲ್ಲದವರ ಮುಂದೆ 'ಅರ್ಥ ಆಗಲಿಲ್ಲ' ಅಂತ ಇನ್ನೊಮ್ಮೆ ಹೇಳೋದು ಕಷ್ಟ ಅಲ್ವಾ? ಸುಮ್ನೆ ಕೂತೆ.

ಕ್ಲಾಸಿನ ವಾಟ್ಸಾಪ್ ಗ್ರೂಪಿನಲ್ಲಿ ಹರಟೆಯೇ ಜಾಸ್ತಿ. ಗುಡ್ ಮಾರ್ನಿಂಗ್, ಹುಟ್ಟುಹಬ್ಬ, ನಾಳೆ ಮಳೆಗೆ ರಜೆ ಇದೆಯಾ. ನನ್ನ ಪ್ರಶ್ನೆ ಅದರಡಿ ಹೂತೇ ಹೋಯಿತು.

ಆಮೇಲೆ ಕಾರವಾರದ ಗೆಳತಿಗೆ ವಾಯ್ಸ್ ಮೆಸೇಜ್ ಹಾಕಿದೆ. ಆಗಸ್ಟ್ ತಿಂಗಳು. ಮಳೆಗಾಲದ ಮೀನುಗಾರಿಕೆ ನಿಷೇಧ ಜುಲೈ 31ಕ್ಕೆ ಮುಗಿದಿತ್ತು, ಹಾಗಾಗಿ ಅವಳ ಅಪ್ಪನ ಬೋಟು ಬೈತಖೋಲ ಬಂದರಿನಿಂದ ಹೊರಟಿತಾ ಅಂತ ಮೊದಲು ಕೇಳಿದೆ. ಅವಳು, "ಹೊರಟಿತು. ನಿಮ್ಮಲ್ಲಿ ಮಳೆ ಜೋರಾ? ಬಸ್ ಬರ್ತಿದೆಯಾ?" ಅಂದಳು. ಬಸ್ಸಿಲ್ಲದೆ ಮೂರು ದಿನ ಕ್ಲಾಸ್ ತಪ್ಪಿದೆ ಅಂದೆ. ಅವಳಿಗೆ ಅಷ್ಟೇ ಸಾಕಾಯಿತು. "ಹಾಗಾದ್ರೆ ಇಂಟಿಗ್ರೇಷನ್ ಬೈ ಪಾರ್ಟ್ಸ್, ಅಂದ್ರೆ ಗುಣಾಕಾರದಲ್ಲಿರೋ ಎರಡನ್ನು ಇಂಟಿಗ್ರೇಟ್ ಮಾಡೋ ಪಾಠವೇ ನಿನಗೆ ಆಗಿಲ್ಲ, ಅಲ್ಲಿಂದ ಶುರು ಮಾಡೋಣ. ಲಾಗ್ ಎಕ್ಸ್ ಪಕ್ಕ ಒಂದು ಅಂತ ಬರೆದುಕೋ, ಒಂದರಿಂದ ಗುಣಿಸಿದರೆ ಏನೂ ಬದಲಾಗಲ್ಲ. ಈಗ ಲಾಗನ್ನು ಡಿಫರೆನ್ಷಿಯೇಟ್ ಮಾಡು, ಒಂದನ್ನು ಇಂಟಿಗ್ರೇಟ್ ಮಾಡು." ಆ ಒಂದು ಎಲ್ಲಿಂದ ಬಂತು ಅಂತ ಎರಡು ಸಲ ಕೇಳಿದೆ, ಎರಡು ಸಲವೂ ಹೇಳಿದಳು. ಬಸ್ಸಿನ ಮಾತು ಬರದಿದ್ದರೆ ನಾನು ಎಲ್ಲಿ ಹಿಂದುಳಿದಿದ್ದೇನೆ ಅಂತ ಅವಳಿಗೆ ಗೊತ್ತೇ ಆಗುತ್ತಿರಲಿಲ್ಲ.

ಉತ್ತರ ತಾಳೆ ನೋಡಲು ಈಗಲೂ ಟೆಲಿಗ್ರಾಂ ಚೆನ್ನಾಗಿದೆ. ಕ್ಲಾಸ್ ಗ್ರೂಪಿನಲ್ಲಿ ಡೌಟ್ ಕೇಳೋದು ಬಿಟ್ಟಿದ್ದೇನೆ. ಅರ್ಥ ಆಗಬೇಕು ಅಂದರೆ ಗೆಳತಿಯೇ. ಆದರೆ 'ಹಾಯ್' ಅಂತ ಮಾತ್ರ ಕಳಿಸಿ ಕಾಯಬೇಡಿ. ನಾನು ಕ್ಷೇಮ ಸಮಾಚಾರ, ಪ್ರಶ್ನೆ, ಎಲ್ಲಿಯವರೆಗೆ ಮಾಡಿದ್ದೇನೆ, ಎಲ್ಲವನ್ನೂ ಒಂದೇ ಮೆಸೇಜಿನಲ್ಲಿ ಹೇಳಿಬಿಡುತ್ತೇನೆ. ಅವಳ ಉತ್ತರ ಬರುವಷ್ಟರಲ್ಲಿ ನಾನು ಬೆಟ್ಟ ಇಳಿದಿರುತ್ತೇನೆ, ಕೇಳಲು ಮರುದಿನವೇ ಹತ್ತಬೇಕು.