650 ರೂಪಾಯಿಯ ತಲೆ ಟಾರ್ಚು, ಮತ್ತು ಕಾಡುಪಾಪ

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ 900 ಹೇಳಿದರು, 650ಕ್ಕೆ ಇಳಿಸಿ ತಂದೆ. ತಲೆಗೆ ಕಟ್ಟಿಕೊಳ್ಳುವ ಟಾರ್ಚು, ಮೂರು ಸಣ್ಣ ಸೆಲ್ಲು, ಬಿಳಿ ಬೆಳಕಿನ ಜೊತೆ ಕೆಂಪೂ ಇದೆ. ಡಬ್ಬದ ಮೇಲಿನ ಲ್ಯೂಮೆನ್ ಲೆಕ್ಕ ನಂಬಬೇಡಿ. ಅಷ್ಟು ಬೆಳಕು ನಿಜವಾಗಿದ್ದರೆ ಚಿನ್ನಸ್ವಾಮಿ ಸ್ಟೇಡಿಯಂಗೆ ಇಂಥ ನಾಲ್ಕು ಸಾಕಿತ್ತು.

ನನ್ನದು ಯಶವಂತಪುರದಲ್ಲಿ ಟೈಲರಿಂಗ್ ಅಂಗಡಿ. ಕಾಡು ಮೇಡು ಸುತ್ತುವ ಆಸಾಮಿ ಅಲ್ಲ. ಮಗಳು ಜಿಕೆವಿಕೆಯಲ್ಲಿ, ಅಂದರೆ ಕೃಷಿ ವಿಶ್ವವಿದ್ಯಾಲಯದಲ್ಲಿ ಓದುತ್ತಾಳೆ. ಅನುಮತಿ ತಗೊಂಡು ರಾತ್ರಿ ಕಾಡುಪಾಪ (ಮರದ ಮೇಲೆ ಇರೋ, ಗುಂಡು ಕಣ್ಣಿನ ಸಣ್ಣ ಪ್ರಾಣಿ) ಹುಡುಕುವ ಗುಂಪೊಂದರ ಜೊತೆ ಹೊರಟಿದ್ದಳು, "ಅಪ್ಪ, ನೀನೂ ಬಾ" ಅಂದಳು. ನಮ್ಮ ತುಮಕೂರು ಕಡೆ ಮಾಟಮಂತ್ರದವರು ಹಿಡಿಯುತ್ತಾರೆ ಅಂತ ಚಿಕ್ಕಂದಿನಲ್ಲಿ ಕೇಳಿದ್ದೆನೇ ಹೊರತು ಆ ಪ್ರಾಣಿಯನ್ನು ಕಂಡಿರಲಿಲ್ಲ.

ಕೈ ಟಾರ್ಚು ಯಾಕಾಗಲ್ಲ ಅನ್ನೋದು ಅರ್ಧ ಗಂಟೆಯಲ್ಲೇ ಗೊತ್ತಾಯಿತು. ಕಾಡುಪಾಪದ ಕಣ್ಣಿನ ಹಿಂದೆ ಕನ್ನಡಿಯಂಥ ಪದರ ಇದೆ, ಬಿದ್ದ ಬೆಳಕು ಬಂದ ದಾರಿಯಲ್ಲೇ ವಾಪಸು ಬರುತ್ತೆ. ಟಾರ್ಚು ಸೊಂಟದ ಹತ್ತಿರ ಹಿಡಿದರೆ ಹೊಳಪು ಸೊಂಟಕ್ಕೆ ಬಂತು, ನಮಗೇನು ಕಂಡೀತು? ಹಣೆಗೆ ಕಟ್ಟಿದರೆ ನೇರ ಕಣ್ಣಿಗೆ. ಇಷ್ಟರ ಮಟ್ಟಿಗೆ ಈ ಸಾಮಾನಿಗೆ ಪೂರ್ತಿ ಮಾರ್ಕು.

ಹೊಂಗೆ ಮರದಲ್ಲಿ ಎರಡು ಕೆಂಡ ಕಂಡವು. ಕಾಲು ಕೆಜಿ ತೂಗಿದರೆ ಹೆಚ್ಚು, ಬಾಲ ಇಲ್ಲ, ಕೈಕಾಲು ಕಡ್ಡಿ. ಕೋತಿ ಹಾಗೆ ನೆಗೆಯೋದಿಲ್ಲ, ಒಂದು ಕೊಂಬೆ ಗಟ್ಟಿಯಾಗಿ ಹಿಡಿದ ಮೇಲೇ ಇನ್ನೊಂದು ಬಿಡುತ್ತೆ. ಪಕ್ಕದ ಮರಕ್ಕೆ ಕೊಂಬೆ ತಾಗುತ್ತಿರಲಿಲ್ಲ. ತುದಿವರೆಗೂ ಹೋಗಿ, ಕೈ ಚಾಚಿ ನೋಡಿ, ಬಂದ ದಾರಿಯಲ್ಲೇ ಹಿಂದಿರುಗಿತು. ನಡುವಿನ ಒಂದೇ ಮರ ಕಡಿದರೂ ಅದರ ರಸ್ತೆ ಬಂದ್.

ಕತ್ತಲಿಗೆ ಹೊಂದಿದ ಆ ಕಣ್ಣಿಗೆ ಕೆಂಪು ಬೆಳಕು ಅಷ್ಟು ತ್ರಾಸ ಕೊಡಲ್ಲ, ಬಿಳಿ ಚುಚ್ಚುತ್ತೆ. ಈ ಟಾರ್ಚಿನ ದೊಡ್ಡ ಎಡವಟ್ಟು ಇರೋದು ಅಲ್ಲೇ. ಗುಂಡಿ ಒಂದೇ. ಮೊದಲ ಸಲ ಒತ್ತಿದರೆ ಜೋರು ಬಿಳಿ, ಎರಡನೇ ಸಲಕ್ಕೆ ಮಂಕು ಬಿಳಿ, ಮೂರನೇ ಸಲಕ್ಕೆ ಆಂಬುಲೆನ್ಸ್ ಥರ ಮಿಣುಕು, ಕೊನೆಗೆ ಕೆಂಪು. ಕೈ ತಪ್ಪಿ ಒತ್ತಿ ಆರಿಸಿಬಿಟ್ಟೆ. ಮತ್ತೆ ಕೆಂಪಿಗೆ ಬರೋಷ್ಟರಲ್ಲಿ ಪಾಪದ ಜೀವಕ್ಕೆ ಮೂರು ಥರದ ಬಿಳಿ ಬಡಿದಾಗಿತ್ತು. ಮುಖ ತಿರುಗಿಸಿ ಎಲೆಯೊಳಗೆ ಸೇರಿತು. ಇಡೀ ಗುಂಪು ನನ್ನನ್ನೇ ನೋಡಿತು. ಮಗಳು ಮಾತಾಡಲಿಲ್ಲ, ಅದು ಬೈಗುಳಕ್ಕಿಂತ ಜಾಸ್ತಿ.

ಮನೆಗೆ ಬಂದವನೇ ಕೆಂಪು ಜಿಲೆಟಿನ್ ಪೇಪರು ಎರಡು ಪದರ ಮಡಚಿ, ಸುತ್ತ ಎಲಾಸ್ಟಿಕ್ ಹೊಲಿದು ಟಾರ್ಚಿನ ಬಾಯಿಗೆ ಟೊಪ್ಪಿ ಮಾಡಿದೆ. ಈಗ ಗುಂಡಿ ಎಷ್ಟನೇ ಸಲ ಒತ್ತಿದರೂ ಬರೋ ಬೆಳಕು ಕೆಂಪೇ. ಪಟ್ಟಿಯ ಹೊಲಿಗೆಯನ್ನೂ ಬಿಚ್ಚಿ ಹೊಲಿದೆ. ಕಂಪನಿಯವರು ಒಂದೇ ಸಾಲು ಓಡಿಸಿದ್ದರು, ಬ್ಲೌಸಿನ ಹುಕ್ಕಿಗೂ ನಾವು ಅಷ್ಟು ಜಿಪುಣತನ ಮಾಡಲ್ಲ. ಎರಡನೇ ಸಲ ಹೋದಾಗ ಇಪ್ಪತ್ತು ನಿಮಿಷ ಕಂಡಿತು, ಎರಡೂ ಕೈಯಲ್ಲಿ ಹುಳ ಹಿಡಿದು ತಿಂತಾ ಇತ್ತು.

ವಾಪಸು ಬರುವಾಗ ಮಗಳು ಮೊಬೈಲಲ್ಲಿ ಮಡಗಾಸ್ಕರಿನ ಐ-ಐ ತೋರಿಸಿದಳು. ಅದೂ ರಾತ್ರಿಯ ಪ್ರಾಣಿ, ಲೆಮೂರ್ ಜಾತಿ, ನಮ್ಮ ಕಾಡುಪಾಪಕ್ಕೆ ದೂರದ ದಾಯಾದಿ, ಅಳಿವಿನಂಚಿನಲ್ಲಿದೆ. ತಂತಿಯಂಥ ನಡುಬೆರಳಿನಿಂದ ಮರ ತಟ್ಟಿ, ಒಳಗಿನ ಹುಳ ಎಲ್ಲಿದೆ ಅಂತ ಕಂಡುಹಿಡಿದು, ಅದೇ ಬೆರಳಲ್ಲಿ ಕೀಳುತ್ತಂತೆ. ಬೆರಳಿನ ಕಸುಬಿನವನು ನಾನು, ಸ್ವಲ್ಪ ಹೊಟ್ಟೆಕಿಚ್ಚಾಯಿತು.

ಕೊಳ್ಳೋರು ಅಂಗಡಿಯಲ್ಲೇ ಗುಂಡಿ ಒತ್ತಿ ನೋಡಿ. ಕೆಂಪಿಗೆ ಬೇರೆ ಗುಂಡಿ ಇರೋದು ಸಿಕ್ಕರೆ ನೂರಿನ್ನೂರು ಜಾಸ್ತಿಯಾದರೂ ಅದನ್ನೇ ತನ್ನಿ. ಸಿಗದಿದ್ದರೆ ಇದನ್ನು ತಂದು ಟೊಪ್ಪಿ ಹಾಕಿಸಿ. ಮಗಳ ಸ್ನೇಹಿತರು ಆಗಲೇ ನಾಲ್ಕು ಹೇಳಿದ್ದಾರೆ. ಒಂದಕ್ಕೆ 20 ರೂಪಾಯಿ, ಎಲಾಸ್ಟಿಕ್ ನನ್ನದೇ.